ಮೊಲೆಹಾಲಿನ ಧರ್ಮಸಂಕಟ

ನಂಜನಗೂಡು, ತಿರುಮಕೂಡಲು ನರಸೀಪುರಗಳ ಹಳ್ಳಿಮನೆಗಳಲ್ಲಿ ಹುಟ್ಟಿದ ಕೂಸಿನ ನಾಲಗೆಗೆ ಅಜ್ಜಿ ಜೇನು ಮುಟ್ಟಿಸುವುದು, ಸಕ್ಕರೆ ನೀರು ಹಾಕುವುದು, ಆಮೇಲೆ ಬಜೆ ತೇಯ್ದು ನೆಕ್ಕಿಸುವುದು ಹಿಂದಿನಿಂದ ಬಂದ ರೂಢಿ. ಪ್ರೀತಿಯ ಈ ಹನಿಗೂ ಎಚ್.ಐ.ವಿ. ಎಂಬ ರೋಗಾಣುವಿಗೂ ನಂಟುಂಟೆಂದು ತಿಳಿದದ್ದು ಈಚೆಗೆ. ಕನ್ನಡ ಪಾಠ ಹೇಳುವ ನನಗೇಕೆ ಈ ಉಸಾಬರಿ ಎಂದೀರಿ. ಇದು ಔಷಧದ ಚರಿತ್ರೆಯಷ್ಟೇ ಮನೆಮಾತಿನ ಚರಿತ್ರೆಯೂ ಹೌದು.

ರೋಗಾಣು ಹಾಲಿನ ಮೂಲಕ ದಾಟಬಲ್ಲುದೆಂದು ೧೯೮೫ರಲ್ಲಿ ಆಸ್ಟ್ರೇಲಿಯದಿಂದ ವರದಿ ಬಂದಿತು. ಹೆರಿಗೆಯಾದ ಮೇಲೆ ಕೊಟ್ಟ ರಕ್ತದಿಂದ ತಾಯಿಗೆ ಸೋಂಕು ತಗುಲಿ, ಅವಳ ಹಾಲುಂಡ ಕೂಸಿಗೂ ಹತ್ತಿತ್ತು. ಹಾಲೂಡಬೇಡಿರೆಂದು ಅಮೆರಿಕ ಅದೇ ವರ್ಷ ತನ್ನ ತಾಯಂದಿರಿಗೆ ಹೇಳಿತು. ಮರುವರ್ಷ ಭಾರತದಲ್ಲಿಯೂ ಸೋಂಕು ಕಾಣಿಸಿತು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ಷರತ್ತು ಹಾಕಿತು: ಬದಲಿ ಹಾಲು ಮನೆಯವರಿಗೆ ಒಪ್ಪಿಗೆಯಾಗಬೇಕು, ತಾಯ ಕೈಲಾಗಬೇಕು, ಕೊಳ್ಳಲು ನಿಲುಕಬೇಕು, ತಪ್ಪದೆ ದೊರೆಯಬೇಕು, ಶುದ್ಧವಾಗಿರಬೇಕು, ಹಾಗಿದ್ದರೆ ಮೊಲೆಹಾಲು ಬೇಡ.

ಕಾಗದದ ಮೇಲೆ ಸೊಗಸೇ. ಆದರೆ ಕಪಿಲೆಯ ದಡದ ಸೊಸೆ ಎದೆ ತುಂಬಿರುವಾಗ ಸೀಸೆ ಹಿಡಿದಳೆನ್ನಿ. “ಯಾಕಮ್ಮಿ, ಹಾಲು ಬರ್ನಿಲ್ವ?” ಎಂದು ಅತ್ತೆ ಕೇಳುವಳು, ಸಂಜೆಗೆ ಕೇರಿಯೇ ಕೇಳುವುದು. ಆಸ್ಪತ್ರೆಯಲ್ಲಿ ಗುಟ್ಟಾಗಿ ಉಳಿದದ್ದು ಸೀಸೆಯಿಂದ ಬಯಲಾಗುವುದು. ಇನ್ನು ನೀರಿನ ಮಾತು. ಬೋಟ್ಸ್ವಾನ ದೇಶ ಪುಡಿಹಾಲನ್ನು ಬಿಟ್ಟಿಯಾಗಿ ಹಂಚಿತ್ತು. ೨೦೦೬ರ ಮಳೆಗೆ ಭೇದಿ ಹರಡಿದಾಗ ಹೆಚ್ಚಾಗಿ ಬಲಿಯಾದದ್ದು ಪುಡಿಹಾಲಿನ ಕೂಸುಗಳೇ.

ಅದಕ್ಕೂ ಮುಂಚೆ, ೧೯೯೯ರಲ್ಲಿ, ದಕ್ಷಿಣ ಆಫ್ರಿಕದ ಡರ್ಬಾನಿನ ಸಂಶೋಧಕರು ಒಂದು ಅಚ್ಚರಿಯನ್ನು ಕಂಡಿದ್ದರು. ಮೂರು ತಿಂಗಳು ಬರಿಯ ಮೊಲೆಹಾಲುಂಡ ಮಕ್ಕಳಲ್ಲಿ, ಅದನ್ನು ಉಣ್ಣದ ಮಕ್ಕಳಿಗಿಂತ ಹೆಚ್ಚು ಸೋಂಕಿರಲಿಲ್ಲ. ಹೆಚ್ಚಿದ್ದದ್ದು ಮೊಲೆಹಾಲಿನೊಡನೆ ಬೇರೆಯದನ್ನೂ ಉಂಡವರಲ್ಲಿ. ಹೊರಗಿನ ಆಹಾರ ಎಳೆಗರುಳಿನ ಒಳಪೊರೆಯನ್ನು ಕೆಡಿಸಿ ದಾರಿಮಾಡಿಕೊಡುವುದೆಂದು ಊಹೆ. ಅಜ್ಜಿಯ ಜೇನಿನ ಪ್ರಶ್ನೆ ಎದ್ದದ್ದು ಇಲ್ಲಿ. ಬಾಣಂತನ ತವರಿನಲ್ಲಾದರೆ ಹಡೆದವ್ವನ ಕಿವಿಯಲ್ಲಾದರೂ ಹೇಳಿಯಾಳು. ಗಂಡನ ಮನೆಯಲ್ಲಿ ಕಾರಣ ಹೇಳದೆ “ಬೇಡ ಅತ್ತೆ” ಎನ್ನುವುದು ಹೇಗೆ?

ಔಷಧವಿಲ್ಲದಿದ್ದರೆ ಗರ್ಭ, ಹೆರಿಗೆ, ಹಾಲು ಮೂರೂ ಸೇರಿ ನೂರರಲ್ಲಿ ೧೫ರಿಂದ ೪೫ ಮಕ್ಕಳಿಗೆ ಸೋಂಕು; ಔಷಧವಿದ್ದರೆ ಐದಕ್ಕೂ ಕಡಮೆ. ಸೋಂಕಿರುವ ಗರ್ಭಿಣಿಯರೆಲ್ಲರಿಗೂ ಬದುಕಿರುವ ತನಕ ಔಷಧ ಕೊಡುವ ಕ್ರಮ ನಮ್ಮಲ್ಲಿ ೨೦೧೪ರಿಂದ ಉಂಟು. ಆರು ತಿಂಗಳು ಬರಿಯ ಮೊಲೆಹಾಲು, ಬಳಿಕ ಮೇಲೂಟದೊಡನೆ ವರ್ಷ ತುಂಬುವ ತನಕವಾದರೂ ಹಾಲು ಎಂಬುದು ಈಗಿನ ಸಲಹೆ. ತಾಯಿ ಮಾತ್ರೆ ತಪ್ಪಿಸದಿದ್ದರೆ, ಬೇರೆ ಆಹಾರ ಬಾಯಿಗೆ ಬಿದ್ದಿತೆಂದು ಹಾಲು ಬಿಡಿಸಬೇಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೬ರಲ್ಲಿ ಹೇಳಿತು. ಸೀಸೆ ತಪ್ಪಿತು, ಈಗ ಸೀರೆಯ ಮಡಿಕೆಯಲ್ಲಿ ಅಡಗಿಸಿಡಬೇಕಾದದ್ದು ಮಾತ್ರೆಯ ಡಬ್ಬಿ. ಕೂಸಿಗೆ ಕಡೆಯ ಪರೀಕ್ಷೆ ಹದಿನೆಂಟು ತಿಂಗಳು ತುಂಬಿದ ಮೇಲೆ.