ಔದ್ಯೋಗಿಕ ಚಿಕಿತ್ಸೆ: ಸಂಶೋಧನೆ ಮತ್ತು ಧನಸಹಾಯದ ಚರಿತ್ರೆ, ತುಮಕೂರು ಸೀಮೆಯಿಂದ ಕಂಡಂತೆ

ಔದ್ಯೋಗಿಕ ಚಿಕಿತ್ಸೆ: ಕಾಯಿಲೆ, ಅಪಘಾತ ಅಥವಾ ಹುಟ್ಟಿನಿಂದ ಬಂದ ಊನದಿಂದಾಗಿ ದಿನನಿತ್ಯದ ಕೆಲಸಗಳು ಕೈತಪ್ಪಿದವರಿಗೆ, ಆ ಕೆಲಸಗಳ ಮೂಲಕವೇ ಚೇತರಿಕೆ ತರುವ ವೈದ್ಯಕೀಯ ಶಾಖೆ. ಉಣ್ಣುವುದು, ಉಡುವುದು, ಬರೆಯುವುದು, ಅಂಗಳ ಗುಡಿಸುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದು ಎಲ್ಲವೂ ಇಲ್ಲಿ 'ಉದ್ಯೋಗ'. ಹೆಸರು ಕೇಳಿ ಇದು ಕೆಲಸ ಕೊಡಿಸುವ ಯೋಜನೆ ಎಂದುಕೊಳ್ಳುವವರಿದ್ದಾರೆ. ಇಂಗ್ಲಿಷಿನ 'ಆಕ್ಯುಪೇಷನಲ್ ಥೆರಪಿ'ಯನ್ನು ಚುಟುಕಾಗಿ 'ಓಟಿ' ಎಂದು ಆಸ್ಪತ್ರೆಯವರಿಗೇ ಹೇಳೋಣವೆಂದರೆ, ಅಲ್ಲಿ 'ಓಟಿ' ಎಂದರೆ ಆಪರೇಷನ್ ಥಿಯೇಟರ್. ಇಷ್ಟು ಮಸುಕಾದ ಹೆಸರಿಟ್ಟುಕೊಂಡು ಸಂಶೋಧನೆಗೆ ಹಣ ಕೇಳಲು ಹೋಗುವುದು ಸುಲಭವಲ್ಲ.

ಭಾರತದಲ್ಲಿ ಈ ಶಾಖೆಯ ಮೊದಲ ಶಾಲೆ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುರುವಾಯಿತು. ಕಟ್ಟಿದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆದ ಈಕೆ ನಡುವಯಸ್ಸಿನಲ್ಲಿ ತವರಿಗೆ ಹೋಗಿ ಈ ವಿದ್ಯೆ ಕಲಿತು ಬಂದರು. 1952ರಲ್ಲಿ ಅಖಿಲ ಭಾರತ ಔದ್ಯೋಗಿಕ ಚಿಕಿತ್ಸಕರ ಸಂಘ ಹುಟ್ಟಿತು. ಅದೇ ವರ್ಷ ರೂಪುಗೊಂಡ ಜಾಗತಿಕ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಅದೂ ಒಂದು. ಸಂಘದ ಸಂಶೋಧನಾ ಪತ್ರಿಕೆಯೂ ಆ ದಶಕದಲ್ಲೇ ಬಂತು. ಅಂದರೆ ಪ್ರಕಟಿಸಲು ಜಾಗ ಮೊದಲು ಸಿಕ್ಕಿತು, ಹಣ ಬಹಳ ತಡವಾಯಿತು.

ಕರ್ನಾಟಕದಲ್ಲಿ ಕಥೆ ಮಾನಸಿಕ ಆಸ್ಪತ್ರೆಯಿಂದ ಹೊರಡುತ್ತದೆ. ಮೈಸೂರು ಸಂಸ್ಥಾನದ ಬೆಂಗಳೂರು ಮಾನಸಿಕ ಆಸ್ಪತ್ರೆ 1930ರ ದಶಕದಲ್ಲಿ ಪೇಟೆ ಬಿಟ್ಟು ಹೊಸೂರು ರಸ್ತೆಯ ಈಗಿನ ವಿಶಾಲ ಆವರಣಕ್ಕೆ ಬಂತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ಪುನರ್ವಸತಿ ವಿಭಾಗದ ಬೇಕರಿ, ಮರಗೆಲಸ, ಹೊಲಿಗೆ, ಮೇಣದಬತ್ತಿ, ತೋಟದ ಕೆಲಸಗಳನ್ನು ನೋಡಿದವರಿಗೆ ಈ ಚಿಕಿತ್ಸೆಯನ್ನು ವಿವರಿಸಬೇಕಾಗಿಲ್ಲ. 'ಇದು ನಮ್ಮ ಕಾಯಕವೇ ಅಲ್ಲವೇ' ಎಂದು ಸಿದ್ಧಗಂಗೆಯ ಸೀಮೆಯವರು ಥಟ್ಟನೆ ಹೇಳಿಬಿಡುತ್ತಾರೆ. ಹತ್ತಿರದ ಮಾತು, ಆದರೂ ಅಲ್ಲ. ಕಾಯಕಕ್ಕೆ ಅಳತೆಗೋಲಿಲ್ಲ. ಚಿಕಿತ್ಸೆಗೆ ಹೋದ ತಿಂಗಳು ಎಷ್ಟಾಗಿತ್ತು, ಈ ತಿಂಗಳು ಎಷ್ಟಾಯಿತು ಎಂಬ ಲೆಕ್ಕ ಬೇಕು.

ತುಮಕೂರು ಜಿಲ್ಲೆಗೆ ಆ ಲೆಕ್ಕ ಬಂದದ್ದು ಬೇರೆ ಹೆಸರಿನಲ್ಲಿ. ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯ ಘಟಕ 1975ರ ಹೊತ್ತಿಗೆ ಬೆಂಗಳೂರು ಬಳಿಯ ಸಕಲವಾರದಲ್ಲಿ ಹಳ್ಳಿಗಳ ಕೆಲಸ ಆರಂಭಿಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಮೇಲೆ ಮೊದಲು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಬಳಿಕ ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳಿಗೆ ಅಂಟಿಕೊಂಡಿರುವ ತುರುವೇಕೆರೆಯಲ್ಲಿ, ಮನೆಗಳಲ್ಲೇ ಇದ್ದ ಸ್ಕಿಝೋಫ್ರೀನಿಯಾ ರೋಗಿಗಳನ್ನು ಹುಡುಕಿ, ಔಷಧ ಕೊಟ್ಟು, ಮನೆಯವರಿಗೆ ತಿಳಿಹೇಳಿ, ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ನಡೆಯಿತು. ಈ ಕೆಲಸ ನಡೆಸಿದ ತಂಡದವರು 2012ರಲ್ಲಿ ಪ್ರಕಟಿಸಿದ ತೀರ್ಥಹಳ್ಳಿಯ ನಾಲ್ಕು ವರ್ಷಗಳ ಅಧ್ಯಯನ ಕೇಳಿದ್ದು ಅಪ್ಪಟ ಔದ್ಯೋಗಿಕ ಚಿಕಿತ್ಸೆಯ ಪ್ರಶ್ನೆ: ಇವರು ಕೆಲಸ ಮಾಡುತ್ತಿದ್ದಾರೆಯೇ, ಎಷ್ಟು? ಆದರೆ ಅಚ್ಚಾದದ್ದು ಮನೋವೈದ್ಯರ ಪತ್ರಿಕೆಯಲ್ಲಿ.

ಇಂಥ ಸಮೀಕ್ಷೆಗಳ ಕೈಗೋಲು 'ಐಡಿಯಾಸ್' ಮಾಪಕ. ಭಾರತೀಯ ಮನೋವೈದ್ಯರ ಸಂಘ 2002ರಲ್ಲಿ ಹೊರತಂದ ಇದರಲ್ಲಿ ನಾಲ್ಕೇ ಬಾಬತ್ತು: ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತುಕತೆ, ಕೆಲಸ. ಪ್ರತಿಯೊಂದಕ್ಕೂ 0ಯಿಂದ 4. ಕಾಯಿಲೆಯ ಅವಧಿಯ ಅಂಕ ಸೇರಿ ಮೊತ್ತ 7 ಮುಟ್ಟಿದರೆ ಶೇ 40ರ ಅಂಗವಿಕಲತೆ, ಸರ್ಕಾರಿ ಸೌಲಭ್ಯದ ಹೊಸ್ತಿಲು. ಸಂಬಳದ ದುಡಿಮೆ, ಮನೆವಾರ್ತೆ, ಓದು ಮೂರನ್ನೂ ಅದು 'ಕೆಲಸ'ದಡಿ ಬೇರೆಬೇರೆಯಾಗಿ ಅಳೆಯುತ್ತದೆ. ಒಲೆ ಹಚ್ಚಿ ಅಡುಗೆ ಮಾಡುವ ಹೆಂಗಸು ಅಲ್ಲಿ 'ಸುಮ್ಮನೆ ಮನೆಯಲ್ಲಿರುವವಳು' ಅಲ್ಲ.

ಹಣದ ವಿಚಾರಕ್ಕೆ ಬಂದರೆ ಈ ಶಾಖೆ ಪಕ್ಕದ ಮನೆಯವರ ಬಾಗಿಲಿನಿಂದಲೇ ಒಳಗೆ ಹೋಗಿದೆ. 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆ ಹೆಸರಿಸಿದ ವೃತ್ತಿಪರರ ಪಟ್ಟಿಯಲ್ಲಿ ಶ್ರವಣತಜ್ಞರು, ಕೃತಕ ಅಂಗ ತಯಾರಕರು, ವಿಶೇಷ ಶಿಕ್ಷಕರೆಲ್ಲ ಇದ್ದರು, ಔದ್ಯೋಗಿಕ ಚಿಕಿತ್ಸಕರಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐ.ಸಿ.ಎಂ.ಆರ್.) 1979ರಿಂದ ಕೊಡುತ್ತ ಬಂದ ಅಲ್ಪಾವಧಿ ವಿದ್ಯಾರ್ಥಿವೇತನ ಎಂ.ಬಿ.ಬಿ.ಎಸ್., ಬಿ.ಡಿ.ಎಸ್. ಓದುವವರಿಗಾಗಿ ಹೊರಟದ್ದು. ಅಂಗವಿಕಲರು ಮತ್ತು ವೃದ್ಧರಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನಡೆಸುವ 'ಟೈಡ್' ಯೋಜನೆ ಸಾಧನ ತಯಾರಿಸುವವರ ಕಡೆ ವಾಲುತ್ತದೆ. ಮಣಿಪಾಲದಲ್ಲಿ ಪಿಎಚ್.ಡಿ. ಮಾಡುವವರಿಗೆ ಡಾ. ಟಿ.ಎಂ.ಎ. ಪೈ ಹೆಸರಿನ ವಿದ್ಯಾರ್ಥಿವೇತನವುಂಟು. ಅಮೆರಿಕದಲ್ಲಾದರೆ 1965ರಿಂದಲೂ ಈ ವೃತ್ತಿಗೇ ಮೀಸಲಾದ ಪ್ರತಿಷ್ಠಾನವೊಂದು ಸಂಶೋಧಕರನ್ನು ಸಾಕುತ್ತಿದೆ. ಇಲ್ಲಿ 2021ರಲ್ಲಿ ಬಂದ ಸಹಯೋಗಿ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಔದ್ಯೋಗಿಕ ಚಿಕಿತ್ಸೆಯನ್ನು ತನ್ನ ಅನುಸೂಚಿಯಲ್ಲಿ ಹೆಸರಿಟ್ಟು ಗುರುತಿಸಿತು. ಅದರಿಂದ ಅನುದಾನ ತಾನಾಗಿ ಹರಿಯುವುದಿಲ್ಲ. ಅರ್ಜಿಯ ಮೇಲೆ ಬರೆಯಲು ಒಂದು ಕಾನೂನುಬದ್ಧ ಹೆಸರು ದಕ್ಕಿತು, ಅಷ್ಟೆ.

ಹಣ ಎಲ್ಲಿ ಬೇಕು ಎಂಬುದು ಊಟದ ತಟ್ಟೆಯ ಮುಂದೆ ತಿಳಿಯುತ್ತದೆ. ಜಗತ್ತೆಲ್ಲ ಬಳಸುವ 1965ರ ಬಾರ್ಥೆಲ್ ಸೂಚ್ಯಂಕದಲ್ಲಿ ಊಟದ ಅಂಕ ಕೊಡುವಾಗ ಬೆಣ್ಣೆ ಹಚ್ಚಲು ಸಹಾಯ ಬೇಕೇ ಎಂಬ ವಿವರ ಬರುತ್ತದೆ. 1969ರ ಜೆಬ್ಸನ್ ಕೈ ಪರೀಕ್ಷೆಯ ಏಳು ಭಾಗಗಳಲ್ಲಿ ಒಂದರಲ್ಲಿ ಐದು ಬೀನ್ಸ್ ಕಾಳುಗಳನ್ನು ಚಮಚದಿಂದ ಡಬ್ಬಿಗೆ ಹಾಕಬೇಕು. ಲಕ್ವ ಹೊಡೆದು ಬಲಗೈ ಸೋತ ಕುಣಿಗಲ್ ಕಡೆಯ ರೈತ ಇದರಲ್ಲಿ ಪಾಸಾಗಬಹುದು, ಆದರೂ ಮುದ್ದೆ ಉಣ್ಣಲಾಗದೆ ಕೂರಬಹುದು. ಬಿಸಿ ಮುದ್ದೆಯನ್ನು ಬೆರಳ ತುದಿಯಲ್ಲಿ ಮುರಿಯಬೇಕು, ಹೆಬ್ಬೆರಳಿನಿಂದ ಒತ್ತಿ ಗುಂಡಗೆ ಮಾಡಬೇಕು, ಸಾರಿನಲ್ಲಿ ಹೊರಳಿಸಬೇಕು, ಜಾರುವ ಮೊದಲೇ ಬಾಯಿಗೆ ಸೇರಿಸಬೇಕು. ಬಿಸಿ ತಿಳಿಯದ ಬೆರಳು ಸುಟ್ಟುಕೊಳ್ಳುತ್ತದೆ. ಎಡಗೈ ಅಭ್ಯಾಸ ಮಾಡಿ ಎನ್ನುವುದು ಪುಸ್ತಕದ ಸಲಹೆ. ಮದುವೆಮನೆಯ ಪಂಕ್ತಿಯಲ್ಲಿ ಎಡಗೈಲಿ ಉಣ್ಣುವುದಕ್ಕಿಂತ ಮನೆಯಲ್ಲೇ ಉಳಿಯುವುದು ಮೇಲೆನಿಸುತ್ತದೆ ಅವನಿಗೆ. ಗುಬ್ಬಿ ಕಡೆ ಅಡಕೆ ಸುಲಿಯುವವರಿಗೂ ಈಳಿಗೆಮಣೆಯ ಮುಂದೆ ಕುಕ್ಕರುಗಾಲಲ್ಲಿ ಕೂರುವವರಿಗೂ ಆ ಡಬ್ಬಿ ಪರೀಕ್ಷೆ ಇಷ್ಟೇ ದೂರ.

ಮುದ್ದೆಯನ್ನೇ ಪರೀಕ್ಷೆಯಾಗಿಸಬೇಕೆಂದರೆ ಮೊದಲು ಆರೋಗ್ಯವಂತರ ಕೈಗಳನ್ನು ಅಳೆಯಬೇಕು: ಗಂಡು, ಹೆಣ್ಣು, ಹರೆಯದವರು, ಎಪ್ಪತ್ತು ದಾಟಿದವರು. ಒಬ್ಬೊಬ್ಬರು ಒಂದು ಮುದ್ದೆಗೆ ಎಷ್ಟು ನಿಮಿಷ ತೆಗೆದುಕೊಳ್ಳುತ್ತಾರೆ, ಎಷ್ಟು ತುತ್ತು ಜಾರುತ್ತದೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಬೇಕು. ಅದಕ್ಕೆ ಬೇಕಾಗುವ ಯಂತ್ರ ಒಂದು ಸ್ಟಾಪ್‌ವಾಚು. ಉಳಿದದ್ದೆಲ್ಲ ಬಸ್ ಚಾರ್ಜು, ರಾಗಿ ಹಿಟ್ಟು, ಥೆರಪಿಸ್ಟರ ಸಂಬಳ.