ಅಘನಾಶಿನಿ ತೀರದಲ್ಲಿ ದಾಸ್ತಾನು ಮತ್ತು ಧಾರಣೆ

ಕುಮಟೆಯಿಂದ ಅಂಕೋಲೆಯ ಕಡೆಗೆ ಸಾಗುವ ಹೆದ್ದಾರಿಯು ಅಘನಾಶಿನಿ ಹೊಳೆಯನ್ನು ದಾಟಿ, ಮಿರ್ಜಾನಿನ ಕೋಟೆಯನ್ನು ಹಿಂದಿಕ್ಕಿದ ಮೇಲೆ ಹಿರೇಗುತ್ತಿ ಗ್ರಾಮವು ಸಿಕ್ಕುತ್ತದೆ. ಊರಿನ ಮಗ್ಗುಲಲ್ಲಿ ಹಿನ್ನೀರು, ಅದರ ಅಂಚಿಗೆ ಗಜನಿ ಗದ್ದೆಗಳು. ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತಕ್ಕೆ ಈ ಸೀಮೆ ಹೆಸರಾದುದು. ಹೊಳೆಯ ಅಳಿವೆಯು ಇಲ್ಲಿಂದ ದೂರವಿಲ್ಲ. ಉತ್ತರದ ದಡದಲ್ಲಿ ತದಡಿ, ದಕ್ಷಿಣದ ದಡದಲ್ಲಿ ಅಘನಾಶಿನಿ ಗ್ರಾಮ, ಇನ್ನೂ ದಕ್ಷಿಣಕ್ಕೆ ಕುಮಟೆ. ಈ ಕಿರಿದಾದ ಪ್ರದೇಶವು ಬೇರೆ ಬೇರೆ ಶತಮಾನಗಳಲ್ಲಿ ಎರಡು ಸರಕುಗಳ ಮೂಲಕ ದೂರದೇಶದ ಪೇಟೆಗಳೊಡನೆ ಸಂಬಂಧ ಹೊಂದಿದ್ದಿತು. ಮೊದಲನೆಯದು ಕರಿಮೆಣಸು, ಎರಡನೆಯದು ಹತ್ತಿ.

ಈಚಿನ ವರ್ಷಗಳಲ್ಲಿ ಬಿಟ್‌ಕಾಯಿನ್ ಮೊದಲಾದ ಗೂಢಲಿಪಿ ನಾಣ್ಯಗಳ ವಿಷಯದಲ್ಲಿ ಜನರು ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿರುವುದನ್ನು ನಾವು ಗಮನಿಸಿದ್ದೇವೆ. ಕೊಂಡದ್ದನ್ನು ಎಲ್ಲಿಡಬೇಕು? ಯಾರ ಮೂಲಕ ಕೊಳ್ಳಬೇಕು? ಯಾವಾಗ ಮಾರಬೇಕು? ನಾಣ್ಯವು ಹೊಸದು, ಪ್ರಶ್ನೆಗಳು ಹೊಸವಲ್ಲ. ಅವುಗಳಿಗೆ ಈ ತೀರದಲ್ಲಿ ಹಿಂದೆ ದೊರೆತ ಉತ್ತರಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಮ್ಮ ವಾಣಿಜ್ಯ ಚರಿತ್ರೆಗಳು ಸಾಮಾನ್ಯವಾಗಿ ಧಾರಣೆಯ ಏರಿಳಿತವನ್ನು ವಿಸ್ತಾರವಾಗಿ ಹೇಳಿ, ದಾಸ್ತಾನಿನ ವಿಷಯವನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಉಗ್ರಾಣದ ಬೀಗ ಯಾರ ಕೈಯಲ್ಲಿದ್ದಿತು, ಕಾಯುವ ತ್ರಾಣ ಯಾರಿಗಿದ್ದಿತು ಎಂಬುದನ್ನು ತಿಳಿಯದೆ ಲಾಭನಷ್ಟಗಳ ಲೆಕ್ಕವು ಪೂರ್ಣವಾಗಲಾರದೆಂಬುದು ನಮ್ಮ ಅಭಿಪ್ರಾಯ.

ಇಲ್ಲಿಯ ವ್ಯಾಪಾರವನ್ನು ಆಳಿದುದು ಮೊದಲನೆಯದಾಗಿ ಮಳೆಗಾಲ. ಜೂನ್ ತಿಂಗಳ ಆರಂಭದಿಂದ ಸೆಪ್ಟೆಂಬರಿನವರೆಗೆ ಪಶ್ಚಿಮದ ಗಾಳಿಯು ಅಳಿವೆಗಳನ್ನು ಮುಚ್ಚಿಬಿಡುತ್ತಿತ್ತು. ಮಚ್ವೆ, ಪತ್ತೇಮಾರಿಗಳನ್ನು ದಡಕ್ಕೆಳೆದು ಮಡಲು ಹೊದಿಸುತ್ತಿದ್ದರು. ಶ್ರಾವಣದ ನಾರಳಿ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸಿದ ತರುವಾಯವೇ ದೋಣಿಗಳು ನೀರಿಗಿಳಿಯುವ ಸಿದ್ಧತೆ. ದೂರದ ಸರಕಿನ ಸಂಚಾರಕ್ಕೆ ಇನ್ನೂ ಕೆಲವು ವಾರ ಕಾಯಬೇಕಾಗುತ್ತಿತ್ತು. ಹೀಗೆ ವರ್ಷದ ಮೂರನೆಯ ಒಂದು ಪಾಲು ಯಾವ ವರ್ತಕನೂ, ಅವನೆಷ್ಟೇ ಸಿರಿವಂತನಾಗಲಿ, ತನ್ನ ಸರಕನ್ನು ಸಮುದ್ರಮಾರ್ಗವಾಗಿ ಕಳುಹಿಸುವಂತಿರಲಿಲ್ಲ. ದಾಸ್ತಾನು ಅವನ ಇಚ್ಛೆಯಾಗಿರಲಿಲ್ಲ, ಋತುವಿನ ಕಟ್ಟಳೆಯಾಗಿದ್ದಿತು.

ಮೆಣಸಿನ ವಿಷಯವನ್ನು ಮೊದಲು ನೋಡೋಣ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಜರು ‘ಮೆಣಸಿನ ರಾಣಿ’ ಎಂದು ಕರೆದರು. ಮಿರ್ಜಾನಿನ ಜಂಬಿಟ್ಟಿಗೆಯ ಕೋಟೆಯೊಡನೆ ಅವಳ ಹೆಸರನ್ನು ಸೇರಿಸಿ ಹೇಳುವ ವಾಡಿಕೆ ಇಂದಿಗೂ ಉಂಟು. ಹೊನ್ನಾವರದ ಕೋಟೆಯು 1569ರಲ್ಲಿ ಪೋರ್ಚುಗೀಜರ ವಶವಾಗಿದ್ದಿತು. 1583ರಿಂದ 1588ರವರೆಗೆ ಗೋವೆಯಲ್ಲಿದ್ದ ಡಚ್ಚರವನಾದ ಲಿನ್‌ಸ್ಖೋಟನನು ತನ್ನ ಗ್ರಂಥದಲ್ಲಿ ಈ ಹೊನ್ನಾವರದ ಮೆಣಸಿನ ವಹಿವಾಟನ್ನು ವರ್ಣಿಸಿದ್ದಾನೆ. ಅವನು ಭಟ್ಕಳದ ರಾಣಿಯೆಂದು ಹೇಳುವವಳು ವರ್ಷಕ್ಕೆ 7,000–8,000 ಕ್ವಿಂಟಾಲುಗಳಷ್ಟು (ಇದು ಪೋರ್ಚುಗೀಜರ ಅಳತೆ, ಇಂದಿನ ನೂರು ಕಿಲೋವಿನದಲ್ಲ) ಮೆಣಸನ್ನು, ಪೋರ್ಚುಗಲ್ಲಿನ ಮೆಣಸಿನ ಗುತ್ತಿಗೆದಾರರ ಪ್ರತಿನಿಧಿಗೆ ಒದಗಿಸುತ್ತಿದ್ದಳು. ಆ ಪ್ರತಿನಿಧಿಯು ಹೊನ್ನಾವರದಲ್ಲಿಯೇ ನೆಲಸಿದ್ದನು. ಆದರೆ ಒಂದು ಕರಾರು: ಆರು ತಿಂಗಳು ಮುಂಚಿತವಾಗಿಯೇ ಹಣವನ್ನು ಸಲ್ಲಿಸಬೇಕು, ಇಲ್ಲವಾದರೆ ಮೆಣಸಿಲ್ಲ. ಹಣ ಸಂದ ಮೇಲೆ ಬಂದ ಮೆಣಸನ್ನು ಹಡಗುಗಳ ಕಾಲ ಕೂಡುವವರೆಗೆ ಕೋಟೆಯಲ್ಲಿ ಕೂಡಿಡುತ್ತಿದ್ದರು.

ಈ ಕರಾರು ನಮಗೆ ಬಹು ಮುಖ್ಯವಾಗಿ ತೋರುತ್ತದೆ. ಲಿಸ್ಬನ್ನಿನಿಂದ ಹಡಗುಗಳು ಸಾಮಾನ್ಯವಾಗಿ ಮಾರ್ಚ್ ತಿಂಗಳ ಸುಮಾರಿಗೆ ಹೊರಟು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಗೋವೆಯನ್ನು ಸೇರುತ್ತಿದ್ದವು, ಡಿಸೆಂಬರ್–ಜನವರಿಯಲ್ಲಿ ಹಿಂದಿರುಗುತ್ತಿದ್ದವು. ನಮ್ಮ ಘಟ್ಟದ ಮೆಣಸಾದರೋ ಜನವರಿಯಿಂದ ಮಾರ್ಚಿಯೊಳಗೆ ಕೊಯ್ಲಾಗತಕ್ಕದ್ದು. ಆದುದರಿಂದ ಈ ವರ್ಷದ ಕಾಳು ಈ ವರ್ಷದ ಹಡಗನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತಿತ್ತು. ಅದು ಒಂದು ಮಳೆಗಾಲವನ್ನು ನೆಲದ ಮೇಲೆ ಕಳೆಯಲೇಬೇಕು. ಆ ಕಾಲದಲ್ಲಿ ಮೆಣಸು ಒಣಗಿ ತೂಕ ಕಳೆದುಕೊಳ್ಳುವುದು, ಶೀತ ತಗುಲಿ ಬೂಸು ಹಿಡಿಯುವುದು, ಯುದ್ಧವಾದರೆ ಕೊಳ್ಳೆಹೋಗುವುದು, ಇವೆಲ್ಲವೂ ಯಾರ ತಲೆಗೆ? ಹಣವನ್ನು ಮುಂಗಡವಾಗಿ ತೆತ್ತು ಸರಕನ್ನು ತನ್ನ ಕೋಟೆಯಲ್ಲಿ ಇರಿಸಿಕೊಂಡವನ ತಲೆಗೆ. ರಾಣಿಯು ಧಾರಣೆಯ ಏರಿಕೆಗಾಗಿ ಕಾದವಳಲ್ಲ. ಕಾಯುವ ಭಾರವನ್ನೇ ಕೊಳ್ಳುವವನಿಗೆ ಮಾರಿದವಳು. ಅವಳ ಶೌರ್ಯವನ್ನು ಕುರಿತು ಸಾಕಷ್ಟು ಬರೆದಿದ್ದಾರೆ; ಈ ವ್ಯಾಪಾರಬುದ್ಧಿಯನ್ನು ಕುರಿತು ಅಷ್ಟು ಬರೆದಿಲ್ಲ.

ಗೇರುಸೊಪ್ಪೆಯ ಪ್ರಭುತ್ವವು ಹದಿನೇಳನೆಯ ಶತಮಾನದ ಮೊದಲಲ್ಲಿ ಇಕ್ಕೇರಿಯ ವೆಂಕಟಪ್ಪನಾಯಕನ ಕೈಯಲ್ಲಿ ಕೊನೆಗೊಂಡಿತು. 1623ರಲ್ಲಿ ಪೋರ್ಚುಗೀಜರ ದೂತನೊಡನೆ ಹೊನ್ನಾವರದಿಂದ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಗೇರುಸೊಪ್ಪೆಯನ್ನು ಆಗಲೇ ಹಾಳುಬಿದ್ದ ಪಟ್ಟಣವಾಗಿ ಕಂಡನು. ಮುಂದೆ ಟಿಪ್ಪುವಿನ ಕಾಲದಲ್ಲಿ ಮೆಣಸು ಸರ್ಕಾರದ ಏಕಸ್ವಾಮ್ಯದ ಸರಕಾಯಿತು. ಒಟ್ಟಿನಲ್ಲಿ ಮೆಣಸಿನ ಉಗ್ರಾಣದ ಬೀಗವು ಅರಸರ ಕೈಯಿಂದ ಅರಸರ ಕೈಗೆ ಹೋಯಿತೆಂದು ಹೇಳಬಹುದು. ಸಾಮಾನ್ಯ ವರ್ತಕನೂ ದಾಸ್ತಾನಿನ ಜೂಜಿಗೆ ಇಳಿದುದು ಹತ್ತಿಯ ಕಾಲದಲ್ಲಿ.

ಕುಮಟೆಯ ನೆಲದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಲಿವರ್‌ಪೂಲಿನ ಪೇಟೆಯಲ್ಲಿ ‘ಕುಮಟಾ’ ಎಂಬುದು ಒಂದು ಹತ್ತಿಯ ಹೆಸರಾಗಿದ್ದಿತು. ಧಾರವಾಡ ಸೀಮೆಯ ಕಪ್ಪುನೆಲದ ನಾಡಹತ್ತಿಯು ಹೇರೆತ್ತುಗಳ ಮೇಲೆ, ಬಂಡಿಗಳಲ್ಲಿ, ಶಿರಸಿಯ ಮಾರ್ಗವಾಗಿ ದೇವಿಮನೆ ಘಟ್ಟವನ್ನಿಳಿದು ಇಲ್ಲಿ ದೋಣಿಯೇರಿ ಮುಂಬಯಿಗೆ ಹೋಗುತ್ತಿದ್ದುದರಿಂದ ಬೆಳೆದ ಊರಿನ ಹೆಸರು ಮರೆಯಾಗಿ ಹಡಗೇರಿದ ಊರಿನ ಹೆಸರು ನಿಂತಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದುದರ ಹಿಂದೆಯೂ ಹತ್ತಿಯ ಹಿತಾಸಕ್ತಿಯೇ ಇದ್ದಿತು. ಘಟ್ಟದ ಮೇಲಿನ ಹತ್ತಿಯ ನಾಡು ಮತ್ತು ಘಟ್ಟದ ಕೆಳಗಿನ ಬಂದರು ಒಂದೇ ಆಡಳಿತದಲ್ಲಿರಬೇಕೆಂದು ಮ್ಯಾಂಚೆಸ್ಟರಿನ ಗಿರಣಿಯವರು ಒತ್ತಾಯಿಸುತ್ತಿದ್ದರು.

1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧವು ಆರಂಭವಾಯಿತು. ದಕ್ಷಿಣದ ಬಂದರುಗಳು ಮುಚ್ಚಿದವು. 1860ರಲ್ಲಿ ಲಿವರ್‌ಪೂಲಿನಲ್ಲಿ ಪೌಂಡಿಗೆ ಸುಮಾರು 6 ಪೆನ್ಸಿನಷ್ಟಿದ್ದ ಅಮೆರಿಕದ ಮಧ್ಯಮ ದರ್ಜೆಯ ಹತ್ತಿಯ ಧಾರಣೆಯು 1864ರ ಬೇಸಗೆಯಲ್ಲಿ 30 ಪೆನ್ಸನ್ನು ಮೀರಿತು. ಭಾರತದ ಹತ್ತಿಯು ಕೀಳೆಂದು ಎಣಿಸಲ್ಪಟ್ಟಿದ್ದರೂ ಅದರ ಬೆನ್ನಿಗೇ ಏರಿತು. ಕುಮಟೆಯ ವರ್ತಕನ ಸ್ಥಿತಿಯನ್ನು ಈಗ ನಾವು ಊಹಿಸಿಕೊಳ್ಳಬಹುದು. ಧಾರವಾಡದ ನಾಡಹತ್ತಿಯನ್ನು ಫೆಬ್ರವರಿಯಿಂದ ಏಪ್ರಿಲಿನವರೆಗೆ ಬಿಡಿಸುತ್ತಾರೆ. ಬೀಜ ತೆಗೆದು, ಅಂಡಿಗೆ ಕಟ್ಟಿ, ಘಟ್ಟವಿಳಿಸುವಷ್ಟರಲ್ಲಿ ಮೇ ತಿಂಗಳು ಬಂದೇಬಿಡುತ್ತದೆ. ಆಕಾಶದಲ್ಲಿ ಮೋಡ ಕಟ್ಟುತ್ತಿರುವಾಗ, ಕೊನೆಯ ದೋಣಿಗೆ ಏರಿಸಿ ಇಂದಿನ ಧಾರಣೆಗೆ ಮಾರುವುದೋ, ಅಥವಾ ಮಳಿಗೆಗೆ ಹಾಕಿ ನಾಲ್ಕು ತಿಂಗಳ ತರುವಾಯದ ಧಾರಣೆಗೆ ಕಾಯುವುದೋ? ಒಮ್ಮೆ ಅಳಿವೆ ಮುಚ್ಚಿತೆಂದರೆ ಮನಸ್ಸು ಬದಲಿಸಲು ಎಡೆಯಿಲ್ಲ. ಏರುಧಾರಣೆಯ ಆ ಮೂರು ವರ್ಷಗಳಲ್ಲಿ ಕಾದವನೇ ಗೆದ್ದನು. ಮೂರು ಬಾರಿ ಗೆದ್ದವನಿಗೆ ಅದು ಬುದ್ಧಿಯೆಂದೇ ತೋರಿರಬೇಕು; ನಾಲ್ಕನೆಯ ವರ್ಷ ಅದು ಬುದ್ಧಿಯಾಗಿರಲಿಲ್ಲವೆಂದು ತಿಳಿಯಿತು.

ಹತ್ತಿಯ ದಾಸ್ತಾನು ಮೆಣಸಿನದರಂತೆ ಸುಲಭವಲ್ಲ. ಬೆಂಕಿಯ ಭಯ ಒಂದು ಕಡೆ. ಗಾತ್ರ ಹೆಚ್ಚು, ಮಳಿಗೆಯ ಬಾಡಿಗೆ ಹೆಚ್ಚು. ಕರಾವಳಿಯ ತೇವವನ್ನು ಹೀರಿಕೊಂಡ ಅರಳೆಯು ತೂಗುವುದು ಹೆಚ್ಚು, ಬಾಳುವುದು ಕಡಿಮೆ. ಈ ಗುಣವನ್ನೇ ಉಪಾಯವಾಗಿ ಮಾಡಿಕೊಂಡವರೂ ಇದ್ದರು. ಅಂಡಿಗೆಗೆ ನೀರು ಚಿಮುಕಿಸುವುದು, ಬೀಜ, ಮಣ್ಣು, ಕಲ್ಲುಗಳನ್ನು ಸೇರಿಸುವುದು ಎಷ್ಟು ಹಬ್ಬಿತೆಂದರೆ, ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಮೋಸಗಳನ್ನು ತಡೆಯುವುದಕ್ಕಾಗಿಯೇ ಒಂದು ಕಾನೂನನ್ನು ಮಾಡಬೇಕಾಯಿತು. ಧಾರಣೆ ಏರುತ್ತಿರುವಾಗ ಕೊಳ್ಳುವವನು ಅಂಡಿಗೆಯನ್ನು ಬಿಚ್ಚಿ ನೋಡುವುದಿಲ್ಲ. ಇನ್ನೊಬ್ಬನಿಗೆ ನಾಳೆ ದಾಟಿಸಿದರಾಯಿತೆಂಬುದು ಅವನ ಲೆಕ್ಕ.

ಮುಂಬಯಿಯಲ್ಲಂತೂ ಅಂಡಿಗೆಯೇ ಬೇಕಾಗಿರಲಿಲ್ಲ. ಹತ್ತಿಯಿಂದ ಬಂದ ಹಣವು ಪಾಲುಪತ್ರಗಳ ಸಟ್ಟಾ ವ್ಯಾಪಾರಕ್ಕೆ ಹರಿಯಿತು. ಪ್ರೇಮಚಂದ ರಾಯಚಂದನ ಹೆಸರು ಈ ಸಂದರ್ಭದಲ್ಲಿ ಪ್ರಸಿದ್ಧವಾಗಿದೆ. ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದು ಹೊರಟ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಪಾಲು ಹಲವು ಮಡಿ ಬೆಲೆಗೆ ಕೈಬದಲಾಯಿಸಿತು. ಹಣವಿಲ್ಲದವರೂ ಮುಂದಿನ ತಾರೀಖಿಗೆ ವಾಯಿದೆ ಮಾಡಿಕೊಂಡು ಕೊಂಡರು. 1865ರ ಏಪ್ರಿಲ್ 9ರಂದು ಅಮೆರಿಕದಲ್ಲಿ ಸೇನಾನಿ ಲೀ ಶರಣಾದನು. ಶಾಂತಿಯ ನಿರೀಕ್ಷೆಯಿಂದ ಮೊದಲೇ ಇಳಿಯತೊಡಗಿದ್ದ ಧಾರಣೆಯು ಕುಸಿದುಬಿದ್ದಿತು. ಜುಲೈ 1 ಆ ವಾಯಿದೆಗಳು ಮುಗಿಯುವ ದಿನ. ಕೊಡಬೇಕಾದವರಲ್ಲಿ ಹಣವಿರಲಿಲ್ಲ. ಪಾಲುಪತ್ರಗಳ ಆಧಾರದ ಮೇಲೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಪಾಲು 2,850 ರೂಪಾಯಿಯಿಂದ 87 ರೂಪಾಯಿಗೆ ಇಳಿಯಿತೆಂದು ಹೇಳುತ್ತಾರೆ. 1868ರಲ್ಲಿ ಆ ಬ್ಯಾಂಕನ್ನೇ ಮುಚ್ಚಬೇಕಾಯಿತು.

ತಾರೀಖುಗಳನ್ನು ಇಲ್ಲಿ ಎದುರುಬದುರಾಗಿ ಇಟ್ಟು ನೋಡಬೇಕು. ಜುಲೈ 1 ಎಂದರೆ ಕುಮಟೆಯಲ್ಲಿ ಆರಿದ್ರೆಯ ಮಳೆ. ಅಳಿವೆ ಮುಚ್ಚಿ ತಿಂಗಳಾಗಿರುತ್ತದೆ. ಆ ಬೇಸಗೆಯಲ್ಲಿ ಘಟ್ಟವಿಳಿದು ಮಳಿಗೆ ಸೇರಿದ ಅರಳೆಯ ಒಡೆಯನು ಮುಂಬಯಿಯ ದಿವಾಳಿಗಳ ವರ್ತಮಾನವನ್ನು ಕೇಳಬಲ್ಲವನಾಗಿದ್ದನೇ ಹೊರತು, ಸೆಪ್ಟೆಂಬರಿನವರೆಗೆ ಒಂದು ಅಂಡಿಗೆಯನ್ನೂ ಕದಲಿಸಬಲ್ಲವನಾಗಿರಲಿಲ್ಲ. ಅದೇ 1865ರಲ್ಲಿ ಪಾರಸಿ ಕೊಲ್ಲಿಯ ಮಾರ್ಗವಾಗಿ ಯೂರೋಪಿನ ತಂತಿಯು ಭಾರತಕ್ಕೆ ತಲುಪಿದ್ದಿತು. ಸುದ್ದಿಗೆ ವೇಗ ಬಂದಿತ್ತು, ಸರಕಿಗೆ ಬಂದಿರಲಿಲ್ಲ.

ಇನ್ನು ಬೆಳೆದ ರೈತನ ಮಾತು. ಕಂದಾಯದ ಕಂತು ಮತ್ತು ಸಾಹುಕಾರನ ಮುಂಗಡ, ಇವೆರಡರ ನಡುವೆ ಸಿಕ್ಕಿದವನಿಗೆ ಬಿಡಿಸಿದ ಹತ್ತಿಯನ್ನು ಮನೆಯಲ್ಲಿಟ್ಟುಕೊಳ್ಳುವ ಸ್ವಾತಂತ್ರ್ಯವೇ ಬಹುಮಟ್ಟಿಗೆ ಇರಲಿಲ್ಲ. ಏರುಕಾಲದಲ್ಲಿ ಅವನಿಗೂ ಹಣ ಬಂದುದು ನಿಜ. ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರೆಂಬ ಕಥೆಗಳು ಹುಟ್ಟಿದುದು ಆಗಲೇ. ಕಥೆ ಹೇಳುವವರು ಇಳಿಗಾಲದಲ್ಲಿ ಆ ಗಾಲಿಗಳು ಏನಾದುವೆಂಬುದನ್ನು ಹೇಳುವುದಿಲ್ಲ. ಏರುಕಾಲದಲ್ಲಿ ಸಿಕ್ಕಿದ ಸಾಲ ಇಳಿಗಾಲಕ್ಕೂ ಉಳಿಯಿತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟುದಕ್ಕೆ ಇದೂ ಒಂದು ಕಾರಣವೆಂದು ಎಣಿಸಲಾಗಿದೆ.

1888ರಲ್ಲಿ ಮಾರ್ಮಗೋವೆಯ ಬಂದರಿಗೂ ಕ್ಯಾಸಲ್ ರಾಕ್ ಮಾರ್ಗವಾಗಿ ಘಟ್ಟದ ಮೇಲಿನ ನಾಡಿಗೂ ರೈಲು ಸಂಪರ್ಕವು ಏರ್ಪಟ್ಟಿತು. ರೈಲು ಮಳೆಯಲ್ಲಿಯೂ ಓಡುತ್ತದೆ. ಕಾಯುವ ಕಟ್ಟಳೆ ತಪ್ಪಿತು. ಅದರೊಡನೆ ಕುಮಟೆಯ ಮಳಿಗೆಗಳ ಕೆಲಸವೂ ತಪ್ಪಿತು.

2009ರಲ್ಲಿ ಹುಟ್ಟಿದ ಬಿಟ್‌ಕಾಯಿನ್ನಿಗೆ ಗಾತ್ರವಿಲ್ಲ, ತೇವವಿಲ್ಲ, ಅಳಿವೆಯಿಲ್ಲ. ಅದರ ಪೇಟೆಯು ಹಗಲಿರುಳೂ ತೆರೆದಿರುತ್ತದೆ. 2.1 ಕೋಟಿಗಿಂತ ಹೆಚ್ಚು ನಾಣ್ಯಗಳು ಆಗಕೂಡದೆಂಬುದು ಅದರ ನಿಯಮ. ಕೊಂಡವನ ಸ್ವತ್ತು ವಾಸ್ತವವಾಗಿ ಒಂದು ಗುಪ್ತ ಸಂಖ್ಯೆ, ಅದನ್ನು ಕೀಲಿಯೆನ್ನುತ್ತಾರೆ. ಕೀಲಿಯನ್ನು ತಾನೇ ಇಟ್ಟುಕೊಂಡು ಕಳೆದರೆ ನಾಣ್ಯವೂ ಹೋಯಿತು. ವಿನಿಮಯದ ಕಂಪನಿಯ ಕೈಯಲ್ಲಿಟ್ಟರೆ, ಪರರ ಉಗ್ರಾಣದಲ್ಲಿ ಸರಕಿಟ್ಟವನ ಸ್ಥಿತಿಯೇ ಅವನದು. ನಮ್ಮ ರಾಜ್ಯದಲ್ಲಿಯೂ ಇದರ ಚರಿತ್ರೆ ಆರಂಭವಾಗಿದೆ. ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಬ್ಯಾಂಕುಗಳು ಈ ವ್ಯವಹಾರಕ್ಕೆ ಸೇವೆ ಸಲ್ಲಿಸಕೂಡದೆಂದು ಆಜ್ಞಾಪಿಸಿತು. ಅದೇ ಅಕ್ಟೋಬರಿನಲ್ಲಿ ಯುನೊಕಾಯಿನ್ ಸಂಸ್ಥೆಯು ಬೆಂಗಳೂರಿನ ಮಾಲೊಂದರಲ್ಲಿ ಇರಿಸಿದ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯವು ರಿಸರ್ವ್ ಬ್ಯಾಂಕಿನ ಆ ಆಜ್ಞೆಯನ್ನು ರದ್ದುಗೊಳಿಸಿತು. 2022ರ ಏಪ್ರಿಲಿನಿಂದ ಲಾಭದ ಮೇಲೆ ನೂರಕ್ಕೆ 30ರಂತೆ ತೆರಿಗೆ ಬಂದಿತು. 2021ರ ನವೆಂಬರಿನಲ್ಲಿ 69,000 ಡಾಲರುಗಳ ಸಮೀಪಕ್ಕೆ ಏರಿದ್ದ ಒಂದು ನಾಣ್ಯವು ಮರುವರ್ಷದ ಅದೇ ತಿಂಗಳಲ್ಲಿ 16,000ದ ಸುಮಾರಿಗೆ ಇಳಿದಿದ್ದಿತು.

ಪರರ ಉಗ್ರಾಣದ ವಿಷಯದಲ್ಲಿ ಒಂದು ವಿಚಿತ್ರವಾದ ಪ್ರಸಂಗವುಂಟು. ಟೋಕಿಯೋ ನಗರದ ಮೌಂಟ್ ಗಾಕ್ಸ್ ಎಂಬ ವಿನಿಮಯ ಕಂಪನಿಯು 2014ರ ಫೆಬ್ರವರಿಯಲ್ಲಿ ದಿವಾಳಿಯೆದ್ದಿತು. ಸುಮಾರು 8,50,000 ನಾಣ್ಯಗಳು ಕಾಣೆಯಾದುವೆಂದು ಆಗ ಪ್ರಕಟವಾಯಿತು. ಅವುಗಳಲ್ಲಿ ಕೆಲವು ಭಾಗವಷ್ಟೇ ಮತ್ತೆ ದೊರೆತವು. ಸಾಲಗಾರರ ಬಾಕಿಯನ್ನು ನಾಣ್ಯರೂಪದಲ್ಲಿ ಹಿಂದಿರುಗಿಸಲು ಆರಂಭವಾದುದು 2024ರ ಜುಲೈಯಲ್ಲಿ. ಹತ್ತು ವರ್ಷ ಮಾರಬೇಕೆಂದರೂ ಮಾರಲಾಗದೆ ಕುಳಿತಿದ್ದ ಆ ಜನರಿಗೆ ತಮ್ಮ ನಾಣ್ಯಗಳ ಒಂದು ಸಣ್ಣ ಪಾಲು ಮಾತ್ರ ಕೈಸೇರಿತು. ಆದರೆ ಅಷ್ಟರಲ್ಲಿ ಧಾರಣೆಯು ನೂರು ಮಡಿಯ ಸುಮಾರಿಗೆ ಏರಿದ್ದುದರಿಂದ, ಆ ಪಾಲಿನ ಬೆಲೆಯೇ ಹಿಂದಿನ ಇಡೀ ಗಂಟಿನ ಬೆಲೆಯನ್ನು ಮೀರಿತ್ತು.