ತುಂಗಾ ಪಾನ ಮತ್ತು ಪರೀಕ್ಷೆಯ ಬಾಟಲಿ

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತು ಶೃಂಗೇರಿ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಮೀಯಲು ಗಂಗೆ, ಕುಡಿಯಲು ತುಂಗೆ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಎಷ್ಟೋ ಒಂಟಿ ಮನೆಗಳಿಗೆ ನದಿಯೂ ಬೇಕಿರಲಿಲ್ಲ. ಗುಡ್ಡದ ಒರತೆಯ ಅಬ್ಬಿ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಹಿತ್ತಿಲಿಗೆ ಬಂದು ಬೀಳುತ್ತಿತ್ತು. ದಂಬೆಯ ಜಾಗಕ್ಕೆ ಪೈಪು ಬಂದರೂ ನಂಬಿಕೆ ಬದಲಾಗಲಿಲ್ಲ. ತಣ್ಣಗಿದ್ದರೆ, ತಿಳಿಯಾಗಿದ್ದರೆ, ರುಚಿಯಾಗಿದ್ದರೆ ಆ ನೀರು ಶುದ್ಧ. ಕಣ್ಣು, ಮೂಗು, ನಾಲಿಗೆಗಳೇ ಅದರ ಪ್ರಯೋಗಾಲಯ.

ಈ ಪ್ರಯೋಗಾಲಯಕ್ಕೆ ಮಿತಿಯುಂಟು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಕಾಲರಾ ರೋಗಾಣುವನ್ನು ಕಂಡರು. ಅದನ್ನು ಕಾಣಲು ಸೂಕ್ಷ್ಮದರ್ಶಕ ಬೇಕಾಯಿತು. ಅಲ್ಲಿಂದ ಮುಂದೆ ನೀರಿನ ಯೋಗ್ಯತೆಯನ್ನು ಹೇಳುವ ಅಧಿಕಾರ ನಾಲಿಗೆಯಿಂದ ಪರೀಕ್ಷೆಯ ಬಾಟಲಿಗೆ ಹೋಯಿತು. ಆಗ ಹೊಸ ಪ್ರಶ್ನೆಯೊಂದು ಹುಟ್ಟಿತು: ಪರೀಕ್ಷೆ ಸರಿಯಾಗಿದೆ ಎಂದು ಹೇಳುವವರು ಯಾರು?

ಶೃಂಗೇರಿಯಲ್ಲಿ ಒಬ್ಬರು ಒಂದು ರೀತಿಯಲ್ಲಿ, ಬಾಳೆಹೊನ್ನೂರಿನಲ್ಲಿ ಇನ್ನೊಬ್ಬರು ಇನ್ನೊಂದು ರೀತಿಯಲ್ಲಿ ಪರೀಕ್ಷಿಸಿದರೆ ತುಂಗೆಯ ಅಂಕಿಯನ್ನು ಭದ್ರೆಯ ಅಂಕಿಯೊಡನೆ ಹೋಲಿಸುವಂತಿಲ್ಲ. ಅಂಗಡಿಗೊಂದು ಸೇರು ಇದ್ದ ಹಾಗೆ. ಈ ಗೊಂದಲ ನೀಗಲೆಂದೇ ಮಾನಕಗಳು ಬಂದವು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಸ್ಥಾಪನೆಯಾಯಿತು. 1987ರಲ್ಲಿ ಅದೇ ಭಾರತೀಯ ಮಾನಕ ಬ್ಯೂರೋ ಆಯಿತು. 1964ರಲ್ಲಿ ನೀರಿನ ಭೌತಿಕ, ರಾಸಾಯನಿಕ ಪರೀಕ್ಷೆಗೆ ‘ಐಎಸ್ 3025’ ಹೊರಬಂತು. ಮೊದಲು ಕೈಗಾರಿಕೆಯ ನೀರನ್ನು ಕುರಿತಿದ್ದ ಅದು ಮುಂದೆ ಒಂದೊಂದು ಅಂಶಕ್ಕೆ ಒಂದೊಂದು ಭಾಗವಾಗಿ ಬೆಳೆಯಿತು. ಕುಡಿಯುವ ನೀರಿನ ಮಾನಕ ‘ಐಎಸ್ 10500’ ಬಂದದ್ದು 1983ರಲ್ಲಿ. 1991 ಮತ್ತು 2012ರಲ್ಲಿ ಅದು ಪರಿಷ್ಕರಣೆಗೊಂಡಿತು. ಯಾವ ಅಂಶ ಎಷ್ಟಿರಬಹುದು ಎಂಬುದರ ಪಕ್ಕದಲ್ಲೇ, ಅದನ್ನು ಯಾವ ವಿಧಾನದಿಂದ ಅಳೆಯಬೇಕು ಎಂಬುದನ್ನೂ ಅದು ನಮೂದಿಸುತ್ತದೆ.

ಒಂದು ಉದಾಹರಣೆ ನೋಡೋಣ. ನೀರಿಗೆ ಮಲದ ಸೋಂಕು ತಗುಲಿದೆಯೇ ಎಂದು ತಿಳಿಯಲು ಅದನ್ನು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬೆರೆಸಿದ ದ್ರಾವಣವಿರುವ ನಳಿಕೆಗಳಿಗೆ ಹಾಕಿ, ನಮ್ಮ ಮೈಯ ಬಿಸಿಯಷ್ಟು ಶಾಖದಲ್ಲಿ 48 ಗಂಟೆ ಇಡುತ್ತಾರೆ. ಕೋಲಿಫಾರಂ ಗುಂಪಿನ ಬ್ಯಾಕ್ಟೀರಿಯಾ ಇದ್ದರೆ ಅನಿಲದ ಗುಳ್ಳೆ ಏಳುತ್ತದೆ. ಎಷ್ಟು ನಳಿಕೆಗಳಲ್ಲಿ ಗುಳ್ಳೆ ಎದ್ದಿತು ಎಂಬುದರಿಂದ ಸಂಖ್ಯೆಯನ್ನು ಅಂದಾಜು ಮಾಡಿ, ಬಳಿಕ ಬೇರೆ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಇರಕೂಡದು ಎಂಬುದು ನಿಯಮ. ಆದರೆ ಬಾಟಲಿಯನ್ನು ಮೊದಲೇ ಕ್ರಿಮಿಶುದ್ಧಿ ಮಾಡಿರಬೇಕು. ನೀರನ್ನು ತಂಪಾಗಿಟ್ಟು 24 ಗಂಟೆಯೊಳಗೆ ಪರೀಕ್ಷೆಗೆ ಹಚ್ಚಬೇಕು. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಿ, ಬಾಟಲಿ ಬಸ್ಸಿನಲ್ಲೇ ದಿನ ಕಳೆದರೆ ಎಂಥ ಒಳ್ಳೆಯ ಪ್ರಯೋಗಾಲಯ ಕೊಟ್ಟ ಅಂಕಿಯೂ ಸುಳ್ಳಾಗಬಹುದು. ಮಲೆನಾಡಿನ ನಿಜವಾದ ಕಷ್ಟ ಇಲ್ಲಿದೆ.

ವಿಧಾನವೇ ಒರಟಾದರೆ ಏನಾಗುತ್ತದೆ ಎಂಬುದಕ್ಕೆ 2003ರ ಪ್ರಕರಣ ಸಾಕ್ಷಿ. ಬಾಟಲಿ ನೀರಿನಲ್ಲಿ ಕೀಟನಾಶಕದ ಅಂಶವಿದೆ ಎಂದು ಆ ವರ್ಷದ ಫೆಬ್ರವರಿಯಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ವರದಿ ಮಾಡಿತು. ಆಗ ಜಾರಿಯಲ್ಲಿದ್ದ ನಿಯಮದ ಪ್ರಕಾರ, ಗೊತ್ತುಪಡಿಸಿದ ವಿಧಾನದಲ್ಲಿ ಕೀಟನಾಶಕ ‘ಪತ್ತೆಯಾಗದಿದ್ದರೆ’ ಸಾಕಿತ್ತು. ದೊಡ್ಡ ಕಣ್ಣಿನ ಬಲೆ ಬೀಸಿ ಹೊಳೆಯಲ್ಲಿ ಸಣ್ಣ ಮೀನೇ ಇಲ್ಲ ಎಂದ ಹಾಗಾಯಿತು! ಅದೇ ವರ್ಷ ಜುಲೈಯಲ್ಲಿ ಕೇಂದ್ರ ಸರ್ಕಾರ ಅಂಕಿಯಲ್ಲೇ ಮಿತಿ ಹಾಕಿತು: ಲೀಟರಿಗೆ ಯಾವುದೇ ಒಂದು ಕೀಟನಾಶಕ 0.0001 ಮಿಲಿಗ್ರಾಂ, ಎಲ್ಲ ಸೇರಿ 0.0005 ಮಿಲಿಗ್ರಾಂ. 2004ರ ಜನವರಿ 1ರಿಂದ ಅದು ಜಾರಿಗೆ ಬಂತು.

ಇದು ದೆಹಲಿಯ ಮಾತಾಯಿತು, ನಮಗೇನು ಎನ್ನುವಂತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿದ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಗೆ ನೂರು ವರ್ಷ ಮೀರಿದೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಕುರಿತು ಬರೆದದ್ದು 1910ರಲ್ಲಿ. ಮೈಲುತುತ್ತವೆಂದರೆ ತಾಮ್ರದ ಲವಣ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಮಾನಕ. ತೋಟದ ಕೆಳಗಿನ ಬಾವಿಗೆ ಅದು ಇಳಿದಿದೆಯೇ ಇಲ್ಲವೇ? ಊಹೆ ಬೇಡ, ಭಯವೂ ಬೇಡ. ಒಪ್ಪಿತ ವಿಧಾನದ ಪರೀಕ್ಷೆಯೊಂದೇ ಉತ್ತರ ಹೇಳಬಲ್ಲದು.

ಪ್ರಯೋಗಾಲಯ ದೂರವಿದ್ದರೆ? 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ಕೆ. ಎಸ್. ಮಂಜ ಮತ್ತು ಸಂಗಡಿಗರು ಸುಲಭ ಉಪಾಯವೊಂದನ್ನು ಪ್ರಕಟಿಸಿದರು. ರಾಸಾಯನಿಕ ಹೀರಿಸಿದ ಕಾಗದದ ಪಟ್ಟಿಯಿರುವ ಸೀಸೆಗೆ ನೀರು ತುಂಬಿ ಬೆಚ್ಚಗಿಡುವುದು. ಮಲದ ಸೋಂಕಿದ್ದರೆ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಉತ್ಪತ್ತಿ ಮಾಡಿ ನೀರು ಕಪ್ಪಾಗುತ್ತದೆ. ಬೇರೆ ಕಾರಣದಿಂದಲೂ ಕಪ್ಪಾಗುವುದುಂಟು. ಹೀಗಾಗಿ ಅದು ಎಚ್ಚರಿಕೆಯ ಗಂಟೆ ಮಾತ್ರ, ಕೊನೆಯ ತೀರ್ಪಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆ ಬಳಸುವ ತರಬೇತಿ ಕೊಡಬೇಕೆಂದಿತು. ಬಾಟಲಿಯೇ ಬಿಂದಿಗೆಯ ಬಳಿಗೆ ಬಂತು.

ತುಂಗೆಯ ರುಚಿಯನ್ನು ಹೊಗಳಿದ ಹಿರಿಯರ ಮಾತು ಸುಳ್ಳಲ್ಲ. ಅವರ ಬಳಿ ಇದ್ದ ಅಳತೆ ನಾಲಿಗೆಯದು, ಅದನ್ನು ಅವರು ಪ್ರಾಮಾಣಿಕವಾಗಿಯೇ ಬಳಸಿದರು. ನಮ್ಮ ಕೈಗೆ ಅದಕ್ಕಿಂತ ಸೂಕ್ಷ್ಮವಾದ ಅಳತೆ ಬಂದಿದೆ. ಆದ್ದರಿಂದ ಪಂಚಾಯಿತಿಯವರು ‘ನೀರು ಸರಿಯಿದೆ’ ಎಂದಾಗ ನಾವು ಮೂರು ಮಾತು ಕೇಳಬೇಕು: ಯಾವತ್ತು ತೆಗೆದ ನೀರು? ಎಷ್ಟು ಹೊತ್ತಿಗೆ ಪರೀಕ್ಷೆಗೆ ಮುಟ್ಟಿತು? ಯಾವ ವಿಧಾನದಲ್ಲಿ ನೋಡಿದಿರಿ?